ಹೊಳೆದಂಡೆಯ ಹಳೆಯ ಧರ್ಮಶಾಲೆ, ಹೊಸ ವಸತಿಗೃಹ: ಒಳಾಂಗಣದ ಕೆಲಸ ನೀರಿನ ಗುರುತಿನಿಂದ ಆರಂಭವಾಗಲಿ

ಪ್ರಶ್ನೆ: ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭಾ ಹೊಳೆಯ ದಂಡೆಯ ಮೇಲೆ ನಮ್ಮ ಮುತ್ತಜ್ಜ ಕಟ್ಟಿಸಿದ ಧರ್ಮಶಾಲೆ ಇದೆ. ಬನಶಂಕರಿ ಜಾತ್ರೆಗೆ ಹೋಗುವವರು, ಹತ್ತಿ ಹೇರಿಕೊಂಡು ಬರುವ ಗಾಡಿಯವರು ಅಲ್ಲಿ ಇಳಿದುಕೊಳ್ಳುತ್ತಿದ್ದರಂತೆ. ಕೆಂಪುಗಲ್ಲಿನ ದಪ್ಪ ಗೋಡೆ, ಸಾಗವಾನಿ ಕಂಬ, ಜಂತಿಯ ಮಾಳಿಗೆ, ಬೆಳಕಿಂಡಿ ಎಲ್ಲವೂ ಉಳಿದಿವೆ. 2019ರ ಮಹಾಪೂರದಲ್ಲಿ ಪಡಸಾಲೆಯೊಳಗೆ ಎರಡೂವರೆ ಅಡಿ ನೀರು ನಿಂತಿತ್ತು. ಪಟ್ಟದಕಲ್ಲು, ಐಹೊಳೆ ನೋಡಲು ಬರುವವರಿಗಾಗಿ ಇದನ್ನು ಎಂಟು ಕೋಣೆಗಳ ವಸತಿಗೃಹ ಮಾಡಬೇಕೆಂದಿದ್ದೇವೆ. ಅಣ್ಣ ಟೈಲ್ಸ್, ಫಾಲ್ಸ್ ಸೀಲಿಂಗ್, ಪ್ರತಿ ಕೋಣೆಗೂ ಬಾತ್‌ರೂಮ್, ಎಸಿ ಬೇಕೆನ್ನುತ್ತಾನೆ. ಅವ್ವ ಒಂದು ಕಲ್ಲನ್ನೂ ಕದಲಿಸಬೇಡಿ ಎನ್ನುತ್ತಾಳೆ. ಹಳೆಯದನ್ನೂ ಹೊಸದನ್ನೂ ಹೇಗೆ ಹೊಂದಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಕಂಬ, ಬೆಳಕಿಂಡಿಗಳ ವರ್ಣನೆಯಿದೆ, ಮನೆಯವರ ಭಿನ್ನಾಭಿಪ್ರಾಯವೂ ಇದೆ. ಆದರೆ ಅದನ್ನು ಓದುವಾಗ ನಾನು ಪೆನ್ಸಿಲ್ಲಿನಿಂದ ಗೆರೆ ಎಳೆದದ್ದು ಒಂದೇ ವಾಕ್ಯದ ಕೆಳಗೆ: ಪಡಸಾಲೆಯೊಳಗೆ ಎರಡೂವರೆ ಅಡಿ ನೀರು ನಿಂತಿತ್ತು. ಹೊಳೆದಂಡೆಯ ಮನೆಯಲ್ಲಿ ಹಳೆಯದೆಷ್ಟು, ಹೊಸದೆಷ್ಟು ಎಂಬುದನ್ನು ಅಭಿರುಚಿಯೊಂದೇ ನಿರ್ಧರಿಸಲಾರದು. ಆ ನೀರಿನ ಗುರುತಿನ ಕೆಳಗೆ ನೆನೆದರೂ ಒಣಗಿ ಮೊದಲಿನಂತಾಗುವ ವಸ್ತುಗಳಷ್ಟೇ ಇರಬೇಕು. ಕಲ್ಲು, ಸುಣ್ಣದ ಗಾರೆ, ಗಟ್ಟಿ ಮರ, ಹಿತ್ತಾಳೆ ಅಂಥವು. ಹೊಸ ಕಾಲದ ಅನುಕೂಲಗಳೆಲ್ಲ ಆ ಗುರುತಿನ ಮೇಲಿರಬೇಕು, ಅದೂ ಹಳೆಯ ಗೋಡೆಗೆ ಅಂಟಿಕೊಳ್ಳದೆ, ಬೇಕೆಂದಾಗ ಬಿಚ್ಚಿ ತೆಗೆಯಲು ಬರುವಂತೆ ಇರಬೇಕು. ಈ ಒಂದು ನಿಯಮಕ್ಕೆ ಕಟ್ಟುಬಿದ್ದರೆ ನಿಮ್ಮ ಅಣ್ಣನವರು ಕೇಳುವುದರಲ್ಲಿ ಬಹುಪಾಲು ಸಿಗುತ್ತದೆ, ನಿಮ್ಮ ತಾಯಿಯವರ ಕಲ್ಲೂ ಕದಲುವುದಿಲ್ಲ.

ಆದ್ದರಿಂದ ಒಳಾಂಗಣದ ಮೊದಲ ಕೆಲಸಕ್ಕೆ ಬೇಕಾದದ್ದು ಒಬ್ಬ ಗೌಂಡಿ ಮತ್ತು ಅವರ ಬಳಿ ಇರುವ ಲೆವೆಲ್ ಪೈಪು. ಮಹಾಪೂರದ ಗುರುತು ಗೋಡೆಯ ಮೇಲೆ ಇನ್ನೂ ಕಾಣುತ್ತಿದ್ದರೆ, ಸುಣ್ಣ ಬಳಿಯುವ ಮೊದಲೇ, ನೀರು ತುಂಬಿದ ಆ ಪೈಪಿನಿಂದ ಅದೇ ಮಟ್ಟವನ್ನು ಪ್ರತಿ ಕೋಣೆಗೂ, ದನದ ಕೊಟ್ಟಿಗೆಗೂ, ಹಿತ್ತಲಿನ ಗೋಡೆಗೂ ಕೊಂಡೊಯ್ದು ನೀಲಿದಾರದ ಗುರುತು ಹಾಕಿಸಿ. ಹಳೆಯ ಮನೆಯಲ್ಲಿ ಎಲ್ಲ ಕೋಣೆಗಳ ನೆಲ ಒಂದೇ ಎತ್ತರದಲ್ಲಿ ಇರುವುದಿಲ್ಲ. ಪಡಸಾಲೆಯಲ್ಲಿ ಎರಡೂವರೆ ಅಡಿಗೆ ಬರುವ ಗೆರೆ ನಡುಮನೆಯಲ್ಲಿ ಒಂದೂವರೆ ಅಡಿಗೆ, ಕೊಟ್ಟಿಗೆಯಲ್ಲಿ ನಾಲ್ಕಡಿಗೆ ಬರಬಹುದು. ಆ ಗೆರೆಯ ಮೇಲೆ ಇನ್ನೊಂದು ಅಡಿ ಸೇರಿಸಿ ಎರಡನೆಯ ಗೆರೆ ಹಾಕಿಸಿ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ ಎರಡನೆಯ ಗೆರೆ. ಖಾನಾಪುರದ ಕಾಡಿನಲ್ಲಿ ಕಣಕುಂಬಿಯ ಬಳಿ ಹುಟ್ಟುವ ಹೊಳೆ ನಿಮ್ಮ ಊರಿಗೆ ಬರುವ ಮೊದಲು ನವಿಲುತೀರ್ಥದ ಜಲಾಶಯವನ್ನು ದಾಟಿ ಬರುತ್ತದೆ. ನಿಮ್ಮಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಮೇಲೆ ಸುರಿದ ಮಳೆಗೆ ಗೇಟು ತೆರೆದರೆ ದಂಡೆ ತುಂಬುತ್ತದೆ. ಅದೇ ಕಾರಣಕ್ಕೆ ನಿಮಗೆ ಕೆಲವು ಗಂಟೆಗಳ ಸೂಚನೆಯೂ ಸಿಗುತ್ತದೆ. ನಾಲ್ವರು ಆಳುಗಳು ಆ ಹೊತ್ತಿನೊಳಗೆ ಎತ್ತಿ ಮೇಲಿಡಲಾಗದ ಯಾವ ಸಾಮಾನೂ ಗೆರೆಯ ಕೆಳಗೆ ಇರಬಾರದು.

ಈ ವಿಷಯದಲ್ಲಿ ನಾನೂ ತಪ್ಪು ಮಾಡಿ ಕಲಿತವನು. ಘಟಪ್ರಭಾ ದಂಡೆಯ ಒಂದು ಹಳೆಯ ವಾಡೆಯ ಕೆಲಸದಲ್ಲಿ ಗೋಡೆಯ ಕೆಳಭಾಗ ಪದೇ ಪದೇ ನೆನೆಯುತ್ತದೆಂದು ನೆಲದಿಂದ ನಾಲ್ಕಡಿಯವರೆಗೆ ಸಿಮೆಂಟಿನ ಪ್ಲಾಸ್ಟರ್ ಮಾಡಲು ಒಪ್ಪಿಕೊಂಡಿದ್ದೆ. ಗಟ್ಟಿಯಾಗಿ ನಿಲ್ಲುತ್ತದೆ ಎಂದು ಎಲ್ಲರೂ ನಂಬಿದ್ದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೇವ ಆ ಪ್ಲಾಸ್ಟರಿನ ಹಿಂದಿನಿಂದಲೇ ಏರಿ ಆರಡಿ ಎತ್ತರದಲ್ಲಿ ಹೊರಬಂತು. ಅಲ್ಲಿಯವರೆಗೆ ನೂರು ವರ್ಷ ಚೆನ್ನಾಗಿದ್ದ ಕಲ್ಲಿನ ಮುಖದ ಮೇಲೆ ಬಿಳಿಯ ಉಪ್ಪು ಹೂವಿನಂತೆ ಅರಳಿ, ಕಲ್ಲು ಹಪ್ಪಳದಂತೆ ಪದರು ಪದರಾಗಿ ಕಳಚತೊಡಗಿತು. ಬೆರಳಿನಿಂದ ಮುಟ್ಟಿದರೆ ಮರಳಾಗಿ ಉದುರುತ್ತಿತ್ತು. ಮಣ್ಣು ಮತ್ತು ಸುಣ್ಣದಲ್ಲಿ ಕಟ್ಟಿದ ಗೋಡೆ ನೆಲದಿಂದ ನೀರನ್ನು ಎಳೆದುಕೊಳ್ಳುವುದು ಸಹಜ. ಎಳೆದುಕೊಂಡ ನೀರನ್ನು ಅದು ತನ್ನ ಸಂದುಗಳಿಂದ ಗಾಳಿಗೆ ಬಿಡುತ್ತದೆ. ಸಿಮೆಂಟು ಆ ಸಂದುಗಳನ್ನು ಮುಚ್ಚಿಬಿಟ್ಟರೆ ನೀರು ಇನ್ನೂ ಮೇಲೇರಿ, ತನ್ನೊಂದಿಗೆ ತಂದ ಉಪ್ಪನ್ನು ಕಲ್ಲಿನ ಹೊಟ್ಟೆಯಲ್ಲಿಯೇ ಬಿಡುತ್ತದೆ. ಉಪ್ಪು ಹರಳುಗಟ್ಟುವಾಗ ಹಿಗ್ಗಿ ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಬಾದಾಮಿಯ ಮರಳುಗಲ್ಲಿನಂತಹ ರಂಧ್ರವುಳ್ಳ ಕಲ್ಲಿಗೆ ಇದರಷ್ಟು ದೊಡ್ಡ ಶತ್ರು ಇಲ್ಲ. ಆ ವಾಡೆಯ ಪ್ಲಾಸ್ಟರನ್ನು ಉಳಿಯಿಂದ ಅಂಗುಲ ಅಂಗುಲವಾಗಿ ಬಿಡಿಸುವಾಗ ಕಲ್ಲಿನ ಮುಖವೂ ಅದರೊಂದಿಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಮನೆಯಲ್ಲಿ ಹಾಗಾಗಬಾರದು.

ಹಾಗಾಗಿ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಕನಿಷ್ಠ ಒಂದು ತಿಂಗಳು ಅದರ ಮೇಲೆ ನೀರು ನಿಲ್ಲುವಂತೆ ಹೊಂಡದಲ್ಲಿಯೇ ಬಿಟ್ಟು, ಬೆಣ್ಣೆಯಂತಾದ ಮೇಲೆ ಬಳಸಬೇಕು. ನೀರಿನ ಗೆರೆಯ ಕೆಳಗಿನ ಭಾಗಕ್ಕೆ ಒಂದು ಪಾಲು ಸುಣ್ಣ, ಒಂದು ಪಾಲು ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿ, ಎರಡು ಪಾಲು ತೊಳೆದ ಮರಳು ಎಂಬ ಪ್ರಮಾಣ ನನ್ನ ಅನುಭವದಲ್ಲಿ ಚೆನ್ನಾಗಿ ನಿಂತಿದೆ. ಇಟ್ಟಿಗೆಯ ಪುಡಿ ಸೇರಿದ ಗಾರೆ ತೇವದಲ್ಲಿಯೂ ಗಟ್ಟಿಯಾಗುವ ಗುಣ ಪಡೆಯುತ್ತದೆ. ಒಂದು ಪದರು ಅರ್ಧ ಅಂಗುಲಕ್ಕಿಂತ ದಪ್ಪವಾಗದಿರಲಿ. ಗಾರೆಯ ಮೇಲೆ ಎರಡು ವಾರ ಒದ್ದೆ ಗೋಣಿಚೀಲ ತೂಗುಹಾಕಿ, ಬಿಸಿಲು ನೇರವಾಗಿ ಬೀಳದಂತೆ ನೋಡಿಕೊಳ್ಳಿ. ಅದರ ಮೇಲೆ ಡಿಸ್ಟೆಂಪರ್ ಆಗಲಿ, ಪ್ಲಾಸ್ಟಿಕ್ ಪೇಂಟ್ ಆಗಲಿ ಬೇಡ, ಸುಣ್ಣವೇ ಸಾಕು. ಬಣ್ಣ ಬೇಕೆನಿಸಿದರೆ ಸುಣ್ಣದ ನೀರಿಗೆ ಸೋಸಿದ ಕೆಮ್ಮಣ್ಣು ಬೆರೆಸಿ ನೆಲದಿಂದ ಗೆರೆಯವರೆಗೆ ಬಳಿಯಿರಿ. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಗೋಡೆಯ ಕೆಳಗೆ ಕೆಮ್ಮಣ್ಣಿನ ಪಟ್ಟಿ ಇರುವುದನ್ನು ನೀವೂ ನೋಡಿರುತ್ತೀರಿ. ಅದು ಅಂದಕ್ಕೂ ಆಯಿತು, ಪ್ರತಿ ವರ್ಷ ಕೊಳೆಯಾಗುವ ಭಾಗವನ್ನಷ್ಟೇ ಮತ್ತೆ ಬಳಿಯುವ ಅನುಕೂಲವೂ ಆಯಿತು.

ನೆಲದ ವಿಷಯಕ್ಕೆ ಬರುತ್ತೇನೆ. ಹೊಳಪಿನ ಟೈಲ್ಸ್ ಹಾಕಿದರೆ ಸಿಮೆಂಟಿನ ಪ್ಲಾಸ್ಟರ್ ಗೋಡೆಗೆ ಮಾಡಿದ್ದನ್ನೇ ಅದು ನೆಲಕ್ಕೆ ಮಾಡುತ್ತದೆ: ತೇವಕ್ಕೆ ಮೇಲೆ ಬರಲು ದಾರಿ ಸಿಗದೆ ಅದು ಗೋಡೆಗಳ ಕಡೆಗೆ ಹೋಗುತ್ತದೆ. ಈಗಿರುವ ಫರಸಿ ಕಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿ, ಹಿಂಬದಿಗೆ ಸಂಖ್ಯೆ ಬರೆದು, ಕೆಳಗೆ ಜಲ್ಲಿ ಮತ್ತು ಸುಣ್ಣದ ಹಾಸು ಹಾಕಿ ಅದೇ ಜಾಗದಲ್ಲಿ ಕೂಡಿಸಿ. ಪಡಸಾಲೆಯಿಂದ ಅಂಗಳದ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟರೆ, ನೆರೆ ಇಳಿದ ಮರುದಿನ ರಾಡಿಯನ್ನು ಹೊರಗೆ ತಳ್ಳಲು ನಾಲ್ಕು ಕಸಬರಿಗೆಗಳು ಸಾಕು. ಕಲ್ಲು ಕಡಿಮೆ ಬಿದ್ದ ಕಡೆ ಎಲ್ಲಿ ಯಾವ ಕಲ್ಲು ಎಂಬುದನ್ನು ಮಾತ್ರ ವಿಚಾರ ಮಾಡಿ ಹಾಕಬೇಕು. ಶಹಾಬಾದಿನ ಫರಸಿ ಸುಣ್ಣದಕಲ್ಲಿನ ಜಾತಿಯದು. ಕೋಣೆಗಳಿಗೆ ಅದು ತಂಪು, ನೋಡಲು ಸೌಮ್ಯ. ಆದರೆ ಹುಣಸೆಹುಳಿ, ಲಿಂಬೆರಸ ಚೆಲ್ಲಿದಲ್ಲೆಲ್ಲ ಅದರ ಮೇಲ್ಮೈ ಸುಟ್ಟು ಬಿಳಿಯ ಕಲೆ ನಿಲ್ಲುತ್ತದೆ. ಬಾದಾಮಿಯ ಕೆಂಪುಗಲ್ಲು ಎಣ್ಣೆಯನ್ನು ಕುಡಿದುಬಿಡುತ್ತದೆ. ಹೀಗಾಗಿ ಅಡುಗೆಮನೆಗೆ, ಊಟದ ಸಾಲಿಗೆ ಇಳಕಲ್ಲಿನ ಕೆಂಪು ಗ್ರಾನೈಟನ್ನು ಕನ್ನಡಿಯಂತೆ ಹೊಳೆಯಿಸದೆ, ಒರಟು ಮುಖದಲ್ಲಿಯೇ ಹಾಕಿಸಿ. ಹಳೆಯ ಕಲ್ಲಿನ ಬಣ್ಣಕ್ಕೂ ಅದು ಹೊಂದುತ್ತದೆ, ಒದ್ದೆಗಾಲಿಗೆ ಜಾರುವುದೂ ಇಲ್ಲ.

ಬಾತ್‌ರೂಮಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ. ಹಳೆಯ ಮನೆಗಳು ಹಾಳಾಗುವುದು ಹೆಚ್ಚಾಗಿ ಅಲ್ಲಿಂದಲೇ. ಎಂಟು ಕೋಣೆ, ಎಂಟು ಬಾತ್‌ರೂಮು ಎಂಬ ಲೆಕ್ಕವನ್ನು ಬಿಡಿ ಎಂದು ವಿನಂತಿಸುತ್ತೇನೆ. ನೀವು ಕಳಿಸಿದ ನಕ್ಷೆಯ ಅಂಕಣಗಳನ್ನು ಎಣಿಸಿದರೆ ಅಲ್ಲಿ ಸುಖವಾಗಿ ಐದು ಕೋಣೆಗಳಾಗುತ್ತವೆ. ಆರನೆಯದಕ್ಕೆ ಪಡಸಾಲೆಯನ್ನು ಸೀಳಬೇಕಾಗುತ್ತದೆ, ಪಡಸಾಲೆ ಹೋದರೆ ಧರ್ಮಶಾಲೆ ಹೋದಂತೆಯೇ. ಐದರಲ್ಲಿ ಹಿತ್ತಲಿಗೆ ತಾಗಿದ ಮೂರು ಕೋಣೆಗಳಿಗೆ ಹಿಂದಿನ ದನದ ಕೊಟ್ಟಿಗೆಯಲ್ಲಿ ಬಾತ್‌ರೂಮು ಮಾಡಿ, ನಡುವಿನ ಹಳೆಯ ಬಾಗಿಲುಗಳನ್ನೇ ದಾರಿಯಾಗಿ ಬಳಸಿರಿ. ಕೊಟ್ಟಿಗೆಯ ನೆಲವನ್ನು ಗೆರೆಯ ಮಟ್ಟಕ್ಕೆ ಎತ್ತರಿಸಲು ಅಲ್ಲಿ ಮಾಳಿಗೆಯ ಎತ್ತರ ಸಾಲದಿದ್ದರೆ, ಆ ಭಾಗದ ಮಾಡನ್ನಷ್ಟೇ ಹಗುರವಾದ ತಗಡು ಮತ್ತು ಹೆಂಚಿನಲ್ಲಿ ಹೊಸದಾಗಿ ಮಾಡಿದರೆ ತಪ್ಪೇನಿಲ್ಲ. ಇಡೀ ಮನೆಯಲ್ಲಿ ಪೂರ್ತಿ ಹೊಸ ಕಾಲದ್ದಾಗಿ ಕಾಣಲು ಅದಕ್ಕೊಂದಕ್ಕೆ ಅವಕಾಶ ಕೊಡಬಹುದು. ಉಳಿದೆರಡು ಕೋಣೆಗಳೊಳಗೆ ಬಾತ್‌ರೂಮು ಬರಲೇಬೇಕಾದರೆ ಅದನ್ನು ಕೋಣೆಯೊಳಗೆ ಇಟ್ಟ ದೊಡ್ಡ ಕಪಾಟಿನಂತೆ ಕಲ್ಪಿಸಿಕೊಳ್ಳಿ. ಕಬ್ಬಿಣದ ಚೌಕಟ್ಟು, ಸಿಮೆಂಟ್ ಬೋರ್ಡಿನ ಗೋಡೆ, ತನ್ನದೇ ಚಾವಣಿ. ಹಳೆಯ ಗೋಡೆಯಿಂದ ಅದು ಒಂದು ಗೇಣು ದೂರ ನಿಲ್ಲಬೇಕು, ಆ ಸಂದಿನಲ್ಲಿ ಗಾಳಿ ಆಡಬೇಕು, ಒಂದು ಕೊಳವೆಯೂ ಹಳೆಯ ಗೋಡೆಯೊಳಗೆ ಹೋಗಬಾರದು. ನಾಳೆ ಕೊಳವೆ ಸೋರಿದರೆ ನೆಲದ ಮೇಲೆ ನೀರು ಕಾಣುತ್ತದೆ, ಅಂದೇ ಸರಿಪಡಿಸುತ್ತೀರಿ. ಗೋಡೆಯೊಳಗೆ ಸೋರಿದರೆ ಅದು ಗೊತ್ತಾಗುವ ಹೊತ್ತಿಗೆ ಜಂತಿಯ ತುದಿ ಕೊಳೆತಿರುತ್ತದೆ.

ಇನ್ನೊಂದು ಮಾತನ್ನು ಯಾವ ಪ್ಲಂಬರ್ ಕೂಡ ತಾನಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಹೊಳೆ ಏರಿದಾಗ ನೀರು ಬಾಗಿಲಿನಿಂದ ಒಳಗೆ ಬರುವುದಕ್ಕಿಂತ ಮೊದಲು ಶೌಚಾಲಯದ ಕೊಳವೆಯಿಂದ ಹಿಂದಿರುಗಿ ಬರುತ್ತದೆ, ಬರುವಾಗ ಹೊಲಸನ್ನೂ ಹೊತ್ತು ತರುತ್ತದೆ. ಮುಖ್ಯ ಕೊಳವೆ ಮನೆಯಿಂದ ಹೊರಬೀಳುವ ಜಾಗದಲ್ಲಿ, ಒಂದೇ ದಿಕ್ಕಿಗೆ ನೀರು ಬಿಡುವ ವಾಲ್ವನ್ನು ಕೈಗೆಟಕುವಂತಹ ಚೇಂಬರಿನಲ್ಲಿ ಕೂಡಿಸಿ, ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಬಿಚ್ಚಿ ತೊಳೆಸಿ. ಸೆಪ್ಟಿಕ್ ಟ್ಯಾಂಕು ಹೊಳೆಯ ಕಡೆಗಲ್ಲ, ರಸ್ತೆಯ ಕಡೆಗೆ, ಸಾಧ್ಯವಾದಷ್ಟು ಎತ್ತರದ ಜಾಗದಲ್ಲಿರಲಿ. ಅದರ ನೀರು ಹೊಳೆಗೆ ಹೋಗಬಾರದು. ನೀರಿನ ಟಾಕಿಯನ್ನು ಹಳೆಯ ಗೋಡೆಯ ಮೇಲೆ ಇಡಲೇಬೇಡಿ. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ. ಹಿತ್ತಲಿನಲ್ಲಿ ಅದಕ್ಕೆಂದೇ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ.

ಫಾಲ್ಸ್ ಸೀಲಿಂಗ್ ಬೇಡವೆನ್ನಲು ಅಂದ ಒಂದೇ ಕಾರಣವಲ್ಲ. ನಿಮ್ಮ ಮಾಳಿಗೆ ಜಂತಿ, ಅದರ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಎಲ್ಲಿ ಸೋರುತ್ತಿದೆ, ಯಾವ ಜಂತಿಗೆ ಗೆದ್ದಲು ಹತ್ತಿದೆ ಎಂಬುದು ಕೆಳಗೆ ನಿಂತವರ ಕಣ್ಣಿಗೆ ಕಾಣುತ್ತಿರುವುದರಿಂದಲೇ ಅದು ಇಷ್ಟು ವರ್ಷ ಉಳಿದಿದೆ. ಅದನ್ನು ಜಿಪ್ಸಮ್ ಹಾಳೆಯಿಂದ ಮುಚ್ಚಿದರೆ ರೋಗ ಕಾಣುವುದಿಲ್ಲ, ಇಲಿಗಳಿಗೂ ಮನೆಯಾಗುತ್ತದೆ. ಮಾಳಿಗೆಯ ಮೇಲೆ ಪ್ರತಿ ತಲೆಮಾರಿನವರೂ ಸೋರಿದಾಗಲೆಲ್ಲ ಹೊಸ ಮಣ್ಣು ಹಾಕುತ್ತ ಬಂದಿರುತ್ತಾರೆ, ಹಳೆಯದನ್ನು ತೆಗೆದಿರುವುದಿಲ್ಲ. ಒಂದು ಮೂಲೆಯಲ್ಲಿ ಅಗೆದು ನೋಡಿ. ಒಂದೂವರೆ ಅಡಿ ದಪ್ಪ ಸಿಕ್ಕರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರಿಯ ಭಾರ. ಅದನ್ನು ಇಳಿಸಿ, ಕೆಟ್ಟ ಜಂತಿ ಬದಲಿಸಿ, ಮೇಲೆ ನೀರು ಇಳಿಯಗೊಡದ ಕರ್ಲು ಮಣ್ಣಿನ ಪದರು ಹಾಕಿ ಬಡಿಸಿ, ನೀರು ಹರಿದುಹೋಗುವ ದೋಣಿಗಳನ್ನು ಚೊಕ್ಕಟ ಮಾಡಿಸಿ. ಕಾಂಕ್ರೀಟಿನ ಸ್ಲ್ಯಾಬ್ ಹಾಕಿಸಿ ಎಂದು ಯಾರೇ ಹೇಳಿದರೂ, ಹಳೆಯ ಕಟ್ಟಡಗಳ ಅನುಭವವಿರುವ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ತೋರಿಸದೆ ಒಪ್ಪಬೇಡಿ.

ಸಾಗವಾನಿ ಕಂಬಗಳಿಗೆ ಮೂರು ಪದರು ಎಣ್ಣೆಬಣ್ಣ ಬಳಿದಿದ್ದಾರೆ ಎಂದು ಬರೆದಿದ್ದೀರಿ. ತಿಕ್ಕುವ ಮಿಷನ್ ಹಚ್ಚಬೇಡಿ, ಕಂಬದ ತಲೆಯ ಮೇಲಿನ ಬೋದಿಗೆಯ ಕೆತ್ತನೆಯ ಅಂಚುಗಳನ್ನು ಅದು ಮೊಂಡು ಮಾಡುತ್ತದೆ. ಬಣ್ಣವನ್ನು ಬಿಸಿಗಾಳಿಯಿಂದ ಮೆತ್ತಗೆ ಮಾಡಿ ಮರದ ಚಾಕುವಿನಿಂದ ಎಬ್ಬಿಸಬೇಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಕೆಲಸದವರಿಗೆ ಮಾಸ್ಕ್ ಕೊಟ್ಟು, ಮಕ್ಕಳನ್ನು ದೂರ ಇಡಿ. ಆಮೇಲೆ ಅಂಟುವಾಳದ ನೊರೆಯಲ್ಲಿ ತೊಳೆದು, ನೆರಳಿನಲ್ಲಿ ವಾರಗಟ್ಟಲೆ ಒಣಗಿಸಿ, ಕುದಿಸಿದ ಅಗಸೆ ಎಣ್ಣೆಗೆ ಸಮಪಾಲು ಟರ್ಪಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಅರ್ಧ ಗಂಟೆಯ ಮೇಲೆ ಒರೆಸಿ ತೆಗೆಯಿರಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದು ನಮ್ಮವರ ರೂಢಿ. ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅವನ್ನು ನೀರಿನ ಬಕೀಟಿಗೆ ಹಾಕಿ, ಇಲ್ಲವೆ ಬಯಲಿನಲ್ಲಿ ಬಿಡಿಬಿಡಿಯಾಗಿ ಹರವಿ. ಇದನ್ನು ಬಡಿಗೇರರಿಗೆ ನೀವೇ ನಿಂತು ಹೇಳಬೇಕು. ಕಂಬದ ಬುಡ ಕೊಳೆತಿದ್ದರೆ ಆ ಭಾಗವನ್ನಷ್ಟೇ ಕತ್ತರಿಸಿ ಹೊಸ ಸಾಗವಾನಿಯ ತುಂಡು ಕೂಡಿಸಿ, ಅದಕ್ಕೆ ಕಪ್ಪು ಬಣ್ಣ ಬಳಿದು ಹಳೆಯದೆಂದು ತೋರಿಸಲು ಹೋಗಬೇಡಿ. ಎಲ್ಲಿಯವರೆಗೆ ಮುತ್ತಜ್ಜನ ಮರ, ಎಲ್ಲಿಂದ ನಿಮ್ಮ ಮರ ಎಂಬುದು ನೋಡಿದವರಿಗೆ ತಿಳಿಯಲಿ. ಕೊರತೆ ಬಿದ್ದ ಬಾಗಿಲು, ಚೌಕಟ್ಟುಗಳಿಗೆ ಬಾಗಲಕೋಟೆಯಲ್ಲಿಯೇ ವಿಚಾರಿಸಿ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಓಣಿಗಳು ಹೋದಾಗ ಬಿಚ್ಚಿ ತಂದ ಸಾಗವಾನಿ ಇನ್ನೂ ಹಲವರ ಹಿತ್ತಲುಗಳಲ್ಲಿ ಒರಗಿ ನಿಂತಿದೆ. ಅದು ದೂರದ ಊರಿನಿಂದ ಕೊಂಡುತಂದ ಕೆತ್ತನೆಯ ಬಾಗಿಲಿಗಿಂತ ನಿಮ್ಮ ಮನೆಗೆ ಹತ್ತಿರದ ನಂಟು.

ಇನ್ನು ಬೆಳಕು. ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರೀತಿಯ ಭಾಗ ಇದು. ನಿಮ್ಮ ಪಡಸಾಲೆಯ ಗೋಡೆಯಲ್ಲಿ ದೀಪದ ಗೂಡುಗಳಿವೆಯಲ್ಲ, ಅವುಗಳಲ್ಲಿ ಒಂದರ ಮುಂದೆ ಐದು ನಿಮಿಷ ನಿಂತು ನೋಡಿ. ಮೇಲಿನ ಕಮಾನಿನಲ್ಲಿ ಹಣತೆಯ ಹೊಗೆ ಎಲೆಯ ಆಕಾರದಲ್ಲಿ ಕಪ್ಪಾಗಿ ಹತ್ತಿರುತ್ತದೆ, ಕೆಳಗಿನ ಅಂಚಿನಲ್ಲಿ ಎಣ್ಣೆ ಇಳಿದ ಜಾಡು ಕಲ್ಲಿಗೆ ಇಂಗಿ ನುಣುಪಾಗಿರುತ್ತದೆ. ಬತ್ತಿ ಮುಂದೂಡಲು ಬೆರಳು ತಾಗಿ ತಾಗಿ ಸವೆದ ಚಿಕ್ಕ ತಗ್ಗೂ ಇರಬಹುದು. ಆ ಮಸಿಯನ್ನು ತೊಳೆಯಬೇಡಿ, ಮೇಲೆ ಸುಣ್ಣವನ್ನೂ ಬಳಿಯಬೇಡಿ. ಗೂಡಿನ ತಳದಲ್ಲಿ, ಮುಂದಿನ ಅಂಚಿನ ಹಿಂದೆ ಮರೆಯಾಗುವಂತೆ, ಮೂರು ವ್ಯಾಟಿನ ಒಂದು ಎಲ್‌ಇಡಿ ದೀಪ ಇಡಿ. ಅದರ ಮುಖ ಕೋಣೆಯ ಕಡೆಗಲ್ಲ, ಗೂಡಿನ ಹಿಂಗೋಡೆಯ ಕಡೆಗಿರಲಿ. ಪೊಟ್ಟಣದ ಮೇಲೆ 2700 ಕೆಲ್ವಿನ್ ಎಂದು ಬರೆದಿರುವುದನ್ನೇ ಕೊಳ್ಳಿ, ಅದರ ಬೆಳಕು ಹಣತೆಯ ಹಳದಿಗೆ ಹತ್ತಿರ. 6500 ಬರೆದಿರುವುದು ಕೆಂಪುಗಲ್ಲನ್ನು ಬೂದಿಯ ಬಣ್ಣಕ್ಕೆ ತಿರುಗಿಸುತ್ತದೆ. ಹೀಗೆ ಬೆಳಗಿದ ಆರೆಂಟು ಗೂಡುಗಳಿದ್ದರೆ ಪಡಸಾಲೆಗೆ ಸಂಜೆಯ ಬೆಳಕು ಸಾಕಾಗುತ್ತದೆ. ಓದುವವರಿಗೆ ಮಂಚದ ತಲೆದಿಸೆಯಲ್ಲಿ ಪ್ರತ್ಯೇಕ ದೀಪ ಕೊಡಿ, ಕನ್ನಡಿಯ ಮುಂದೆ ಮತ್ತು ಮೆಟ್ಟಿಲ ಬಳಿ ಸ್ಪಷ್ಟವಾದ ಬೆಳಕು ಇರಲಿ. ಹಳೆಯ ಮನೆಯೆಂದು ಅತಿಥಿಗಳು ಹೊಸ್ತಿಲು ಎಡವುವಂತಾಗಬಾರದು. ಹಳೆಯ ಕಂದೀಲುಗಳನ್ನು ಸಾಲಾಗಿ ತೂಗುಹಾಕಿ ಒಳಗೆ ಬಲ್ಬು ಇಡುವುದು ಈಗ ಎಲ್ಲ ಕಡೆ ನಡೆದಿದೆ. ಅದು ನಿಮ್ಮಲ್ಲಿ ಬೇಕಿಲ್ಲ.

ವೈರಿಂಗಿಗಾಗಿ ಗೋಡೆ ಕೊರೆಯಬಾರದು. ತೊಲೆಯ ಮಗ್ಗುಲಿಗೆ, ಕಂಬದ ಹಿಂಬದಿಗೆ ತೆಳುವಾದ ಕೊಳವೆ ಕಾಣುವಂತೆಯೇ ಓಡಲಿ. ಅಚ್ಚುಕಟ್ಟಾಗಿ ನೇರವಾಗಿ ಓಡಿದರೆ ಅದೂ ಒಂದು ಅಂದ. ಸ್ವಿಚ್ಚು, ಸಾಕೆಟ್ಟು, ಮೀಟರು ಎಲ್ಲವೂ ಎರಡನೆಯ ಗೆರೆಯ ಮೇಲೆ. ನೆಲ ಒದ್ದೆಯಾಗುವ ಮನೆಯಾದ್ದರಿಂದ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಒಂದು ದೀಪವನ್ನೂ ಹಚ್ಚಬೇಡಿ. ಫ್ಯಾನುಗಳನ್ನು ಹಳೆಯ ಜಂತಿಗೆ ನೇತುಹಾಕದೆ, ಎರಡು ತೊಲೆಗಳ ಮೇಲೆ ಅಡ್ಡ ಇಟ್ಟ ಕಬ್ಬಿಣದ ಕೊಳವೆಗೆ ಹಾಕಿಸಿ.

ಎಸಿ ಬೇಕೆನ್ನುವ ನಿಮ್ಮ ಅಣ್ಣನವರ ಮಾತಿನಲ್ಲಿ ಹುರುಳಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಾದಾಮಿಯ ಬಂಡೆಗಳು ಹಗಲೆಲ್ಲ ಕಾದು ರಾತ್ರಿಯೂ ಝಳ ಬಿಡುತ್ತವೆ, ದೂರದಿಂದ ಬಂದವರಿಗೆ ನಿದ್ದೆ ಬೇಕು. ಆದರೆ ಎರಡೂವರೆ ಅಡಿ ದಪ್ಪದ ಗೋಡೆಯ ಮನೆಗೆ ಎಸಿಯ ಅಗತ್ಯ ಎಷ್ಟು ಕಡಿಮೆ ಎಂಬುದು ಮುಚ್ಚಿದ ಬೆಳಕಿಂಡಿಗಳನ್ನು ತೆರೆದ ಮೇಲೆಯೇ ಗೊತ್ತಾಗುವುದು. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಹೋಗಲೆಂದೇ ಅವನ್ನು ಇಟ್ಟಿದ್ದರು. ಪ್ರತಿ ಬೆಳಕಿಂಡಿಯ ಮೇಲೆ ಒಂದಡಿ ಎತ್ತರದಲ್ಲಿ ಗಾಜಿನ ಮುಚ್ಚಳ, ಸುತ್ತ ಸೊಳ್ಳೆಯ ಜಾಳಿಗೆ. ಮಳೆ ಒಳಗೆ ಬರುವುದಿಲ್ಲ, ಗಾಳಿ ಹೊರಗೆ ಹೋಗುತ್ತದೆ. ಒಂದು ಬೇಸಿಗೆ ಹೀಗೆ ಕಳೆಯಿರಿ, ಪಡುವಣದ ಕಿಟಕಿಗೆ ಮಧ್ಯಾಹ್ನ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿ. ಆ ಮೇಲೂ ಬೇಕೆನಿಸಿದ ಕೋಣೆಗೆ ಎಸಿ ಹಾಕಿಸಿ, ಅದರ ಹೊರಗಿನ ಪೆಟ್ಟಿಗೆ ಹಿತ್ತಲಿನಲ್ಲಿ ಗೆರೆಯ ಮೇಲೆ ನಿಲ್ಲಲಿ, ಅದರಿಂದ ತೊಟ್ಟಿಕ್ಕುವ ನೀರು ಗೋಡೆಗೆ ಇಳಿಯದೆ ಗಿಡದ ಬುಡಕ್ಕೆ ಹೋಗಲಿ.

ಪೀಠೋಪಕರಣಗಳಲ್ಲಿ ಪ್ಲೈವುಡ್ಡು, ಸನ್‌ಮೈಕಾ ಅಂಟಿಸಿದ ಹಲಗೆಗಳಿಗೆ ಇಲ್ಲಿ ಜಾಗವಿಲ್ಲ. ಒಂದು ನೆರೆ ಬಂದರೆ ಉಬ್ಬಿ ಪದರು ಬಿಡುತ್ತವೆ. ಮಂಚಕ್ಕೆ ಎರಡು ದಾರಿಗಳಿವೆ. ಒಂದು, ಗೋಡೆಗೆ ತಾಗಿದ ಕಲ್ಲಿನ ಕಟ್ಟೆ, ಮೇಲೆ ಹತ್ತಿಯ ಗಾದಿ. ಇನ್ನೊಂದು, ಸಾಗವಾನಿ ಚೌಕಟ್ಟಿಗೆ ನವಾರ ಹೆಣೆದ ಹೊರಸು. ನಾನು ಎರಡನೆಯದನ್ನು ಮೆಚ್ಚುತ್ತೇನೆ: ಕೆಳಗಿನಿಂದ ಗಾಳಿ ಆಡುತ್ತದೆ, ಇಬ್ಬರು ಎತ್ತಿ ಅಟ್ಟಕ್ಕೆ ಸಾಗಿಸಬಹುದು, ನವಾರ ಮಾಸಿದರೆ ಬಿಚ್ಚಿ ತೊಳೆದು ಮತ್ತೆ ಹೆಣೆಯಬಹುದು. ಬೆನ್ನಿಗೆ ಅನುಕೂಲವಾಗುವಂತೆ ಈಗಿನ ಅಳತೆಯಲ್ಲಿ, ಆರೂವರೆ ಅಡಿ ಉದ್ದಕ್ಕೆ ಮಾಡಿಸಿ, ಮೇಲೆ ಒಳ್ಳೆಯ ಗಾದಿ ಹಾಕಿ. ಚಾದರ ಬಿಳಿಯ ಹತ್ತಿಯದಿರಲಿ, ಕಾಲ್ದೆಸೆಗೆ ಊರಿನ ಹೆಣ್ಣುಮಕ್ಕಳು ಹೊಲಿದ ಒಂದು ಕೌದಿ ಸಾಕು. ಬಟ್ಟೆಯ ವಿಷಯದಲ್ಲಿ ನಮ್ಮ ಸೀಮೆ ಎಷ್ಟು ಶ್ರೀಮಂತವೆಂದರೆ ಎಲ್ಲವನ್ನೂ ಒಂದೇ ಕೋಣೆಗೆ ತುಂಬುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಯಾವುದೂ ಕಣ್ಣಿಗೆ ನಿಲ್ಲುವುದಿಲ್ಲ. ಒಂದು ಕೋಣೆಗೆ ಗುಳೇದಗುಡ್ಡದ ಖಣದ ದಿಂಬು, ಇನ್ನೊಂದಕ್ಕೆ ನವಲಗುಂದದ ಜಮಖಾನೆ, ಮತ್ತೊಂದಕ್ಕೆ ಮನೆಯಲ್ಲಿ ಹರಿದು ಮೂಲೆ ಸೇರಿದ ಇಳಕಲ್ಲ ಸೀರೆಯ ಟೋಪ ತೆನಿ ಎಂಬ ವಿನ್ಯಾಸದ ಸೆರಗನ್ನಷ್ಟೇ ಚೌಕಟ್ಟಿನಲ್ಲಿ ಹಿಗ್ಗಿಸಿ ಗೋಡೆಗೆ ಹಾಕಿ. ಒಡಲಿನ ನೂಲಿಗೂ ಸೆರಗಿನ ರೇಷ್ಮೆಗೂ ಕೊಂಡಿ ಹಾಕಿದ ಜಾಗ ಆ ಚೌಕಟ್ಟಿನೊಳಗೆ ಬರುವಂತೆ ಕತ್ತರಿಸಿ. ಬೇರೆ ಬೇರೆ ನೇಯ್ಗೆಯ ಎರಡು ಹಾಸುಗಳು ಎಳೆ ಎಳೆಯಾಗಿ ಕೂಡಿರುವ ಆ ಒಂದು ಅಂಗುಲವನ್ನು ಎಷ್ಟು ಹೊತ್ತು ನೋಡಿದರೂ ನನಗೆ ಸಾಲದು. ನೇರ ಬಿಸಿಲು ಅದರ ಮೇಲೆ ಬೀಳದಿರಲಿ, ಕೆಂಪು ಬೇಗ ಮಾಸುತ್ತದೆ.

ಹೊಳೆಯ ಕಡೆಯ ಗೋಡೆ ಒಡೆದು ದೊಡ್ಡ ಗಾಜು ಹಾಕಬೇಕೆಂದೂ ಕೇಳಿದ್ದೀರಿ. ಬೇಡ. ಅದು ಮಾಳಿಗೆಯ ಭಾರವನ್ನೂ ಪ್ರವಾಹದ ಒತ್ತಡವನ್ನೂ ಹೊರುವ ಗೋಡೆ, ಅದರ ಕಿಟಕಿಗಳು ಚಿಕ್ಕದಾಗಿರುವುದಕ್ಕೆ ಕಾರಣವಿದೆ. ಆದರೆ ಎರಡೂವರೆ ಅಡಿ ದಪ್ಪದ ಗೋಡೆಯಲ್ಲಿ ಪ್ರತಿ ಕಿಟಕಿಯೂ ಒಂದು ಆಸನವೇ. ಕಿಟಕಿಯ ಕೆಳಗಟ್ಟಿಗೆ ಒಂದು ನುಣುಪಾದ ಮರದ ಹಲಗೆ, ಒಂದು ಜಮಖಾನೆಯ ತುಂಡು ಹಾಕಿದರೆ ಅತಿಥಿಯೊಬ್ಬರು ಕಾಲು ಮಡಚಿ ಕುಳಿತು, ಚಹಾದ ಕಪ್ಪು ಪಕ್ಕಕ್ಕಿಟ್ಟುಕೊಂಡು ಹೊಳೆಯನ್ನು ನೋಡಬಹುದು. ವಿಶಾಲವಾದ ನೋಟ ಬೇಕಾದವರಿಗೆ ಮಾಳಿಗೆ ಇದ್ದೇ ಇದೆ, ಎಂಜಿನಿಯರು ಭಾರ ಪರೀಕ್ಷಿಸಿ ಒಪ್ಪಿದ ಭಾಗದಲ್ಲಿ ಮಾತ್ರ. ಬನಶಂಕರಿಯಲ್ಲಿ ಹರಿದ್ರಾತೀರ್ಥದ ಮೂರು ಬದಿಗೆ ಇರುವ ಕಲ್ಲಿನ ಮಂಟಪಗಳಲ್ಲಿ ಒಂದು ಮಧ್ಯಾಹ್ನ ನಿಮ್ಮ ಅಣ್ಣನವರೊಂದಿಗೆ ಹೋಗಿ ಕುಳಿತು ಬನ್ನಿ. ಬರಿಯ ಕಂಬ, ಬರಿಯ ನೆಲ, ಮುಂದೆ ನೀರು. ನೀರಿನ ಪಕ್ಕದಲ್ಲಿ ತಂಗುವ ಜಾಗಕ್ಕೆ ಎಷ್ಟು ಕಡಿಮೆ ಸಾಮಾನು ಸಾಕು ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಅಗಸಿ ಬಾಗಿಲಿನ ಎತ್ತರದ ಹೊಸ್ತಿಲನ್ನು ಕಡಿಸಬೇಡಿ, ವಯಸ್ಸಾದವರಿಗೂ ಗಾಲಿಕುರ್ಚಿಯವರಿಗೂ ಎತ್ತಿಡಬಹುದಾದ ಮರದ ಇಳಿಜಾರು ಮಾಡಿಸಿ. ಅದರೊಳಗಿನ ಚಿಕ್ಕ ದಿಡ್ಡಿ ಬಾಗಿಲು ರಾತ್ರಿಗೆ ಮಾತ್ರ ಇರಲಿ, ಹಗಲಿನಲ್ಲಿ ದೊಡ್ಡ ಬಾಗಿಲೇ ಪೂರ್ತಿ ತೆರೆದಿರಲಿ.

ಕೆಲಸಕ್ಕೆ ಕೈ ಹಚ್ಚುವ ಮೊದಲು ನಿಮ್ಮ ಜಾಗ ಯಾವುದಾದರೂ ಸಂರಕ್ಷಿತ ಸ್ಮಾರಕದಿಂದ ಎಷ್ಟು ದೂರದಲ್ಲಿದೆ ಎಂದು ಅಳೆಸಿ. ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಮ್ಮ ಭಾಗದಲ್ಲಿ ಹೊಲದ ನಡುವೆಯೂ ಚಾಲುಕ್ಯರ ಕಾಲದ ಗುಡಿಗಳಿರುವುದರಿಂದ, ದುರಸ್ತಿಗೂ ಅನುಮತಿ ಬೇಕಾಗಬಹುದು. ಪಂಚಾಯಿತಿಯ ಪತ್ರವೊಂದನ್ನೇ ನಂಬಿ ಕೂರಬೇಡಿ.

ಈ ಬೇಸಿಗೆಯಲ್ಲಿ ಮಾಳಿಗೆ ಮತ್ತು ಗೋಡೆಯ ಕೆಲಸ ಮುಗಿಸಿದರೂ ಕೂಡಲೇ ಕೋಣೆಗಳನ್ನು ತೆರೆಯಬೇಡಿ. ಒಂದು ಮಳೆಗಾಲ ಮನೆಯನ್ನು ಖಾಲಿ ಬಿಟ್ಟು ವಾರಕ್ಕೊಮ್ಮೆ ಹೋಗಿ, ತೇವ ಕಂಡಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ ದಿನಾಂಕ ಬರೆಯಿರಿ; ಯಾವ ಕೋಣೆಗೆ ಮೊದಲು ಹಾಸಿಗೆ ಹಾಕಬಹುದು ಎಂಬುದನ್ನು ಆ ಗುರುತುಗಳೇ ಹೇಳುತ್ತವೆ. ದಸರೆಯ ಹೊತ್ತಿಗೆ ಎರಡು ಕೋಣೆಗಳಿಂದ ಆರಂಭಿಸಿ. ಪಡಸಾಲೆಯ ಗೋಡೆಗೆ ಕೊನೆಯ ಸುಣ್ಣ ಬಳಿಯುವಾಗ 2019ರ ನೀರಿನ ಗುರುತಿರುವಲ್ಲಿ ಒಂದು ಗೇಣು ಅಗಲ ಸುಣ್ಣ ಬಳಿಯದೆ ಹಾಗೆಯೇ ಬಿಡಲು ಗೌಂಡಿಗೆ ಹೇಳಿ, ಪಕ್ಕದಲ್ಲಿ ಇಸವಿಯನ್ನು ಉಳಿಯಿಂದ ಸಣ್ಣಗೆ ಕೆತ್ತಿಸಿದ ಒಂದು ಕಲ್ಲಿನ ತುಂಡು ಇಡಿಸಿ.